ಸಲಕಿ ಕೈ ಬದಲಾಗೋತನಕ

ಎರಡು ಹೊಲದ ವಾಲ್ವ್ ಒಮ್ಮೆಲೇ ತೆರೆದು, ಎರಡು ಪಾಳಿಯ ನೀರು ಒಂದೇ ಪೈಪಿಗೆ ನುಗ್ಗಿ ಅದು ಒಡೆದಿತ್ತು. ಮುರಗೆಪ್ಪನ ದ್ರಾಕ್ಷಿ ಬಳ್ಳಿಯ ಬುಡದ ಮಣ್ಣೆಲ್ಲ ಕೊಚ್ಚಿಹೋಗಿತ್ತು. ನೀರಿನ ಪಾಳಿಗೆ ಪ್ರೋಗ್ರಾಮ್ ಬರೆದ ಮಯೂರಿ ಲ್ಯಾಪ್‌ಟಾಪ್ ಅವಚಿಕೊಂಡು ಕೆಸರಿನಲ್ಲಿ ನಿಂತಿದ್ದಳು.

ಮುರಗೆಪ್ಪ ಮಣ್ಣು ಎಳೆದು ನೀರು ತಿರುವುವ ತನ್ನ ಸಲಕಿ ತೋರಿಸಿದ. "ಪಾಳಿ ಮುಗದಾಂವ ಇದನ್ನ ಕೈಗೆ ಕೊಡೋತನಕ ಇನ್ನೊಬ್ಬಾಂವ ನೀರ ಮುಟ್ಟಂಗಿಲ್ಲ, ತಂಗಿ. ನಿನ್ನ ಕಂಪ್ಯೂಟರ್ ಭಾಷಾದಾಗ ಇಂಥಾ ನೇಮ ಇಲ್ಲೇನ?"

ಇತ್ತು. ಅದಕ್ಕೆಂದೇ ಅವಳು ರಸ್ಟ್ ಭಾಷೆ ಆರಿಸಿದ್ದಳು. ಒಂದೇ ವಸ್ತುವಿಗೆ ಒಮ್ಮೆಲೇ ಇಬ್ಬರು ಕೈಹಾಕಿದರೆ ಅದು ತಡೆಯುತ್ತದೆ. ಹೋದ ವಾರ ಕೆಂಪಕ್ಷರದಲ್ಲಿ ತಡೆದೂ ಇತ್ತು. ಅವಸರದಲ್ಲಿದ್ದ ಮಯೂರಿ 'ಅನ್‌ಸೇಫ್' ಎಂದು, ಅಂದರೆ ತಡೆಯಬೇಡ, ಹೊಣೆ ನನ್ನದು ಎಂದು ಬರೆದು ಆ ತಕರಾರು ದಾಟಿದ್ದಳು.

"ಹೋಗ್ಲಿ ಬಿಡು," ಮುರಗೆಪ್ಪ ಸಮಾಧಾನ ಹೇಳಿದ. "ಮಷೀನಿಗೇನ ತಿಳೀತೈತಿ?"

"ಅದಕ್ಕ ತಿಳದಿತ್ತರಿ, ಕಾಕಾ." ಅವಳು ತಲೆ ಎತ್ತಲಿಲ್ಲ. "ಬ್ಯಾಡ ಅಂದಿತ್ತ. ನಾನ ಅದರ ಬಾಯಿ ಮುಚ್ಚಿಸಿದೆ."