ವಾಪಸ್ ಕೊಡುವ ಬ್ರಷ್

ಶೂಟಿಂಗ್ ಸ್ಪರ್ಧೆಗಳಲ್ಲಿ ಪದಕ ಗೆದ್ದವಳು ಸೊಸೆ. ರೈಫಲ್ಲೂ ಅವಳದೇ. ಅದನ್ನು ಶುಚಿ ಮಾಡುವ ಸಾಮಾನು ಆರಿಸಲು ಮಾತ್ರ ಅಂಗಡಿಯಲ್ಲಿ ಮಾವ ಮುಂದೆ ನಿಂತರು. ಅವಳಿಗೆ ಆಗ ದಿನ ತುಂಬಿತ್ತು.

“ಆ ಉಕ್ಕಿನ ಕಡ್ಡಿ ಬೇಡ ಮಾವ, ನಳಿಕೆ ಒಳಗೆ ಗೀರು ಬೀಳ್ತದೆ. ನೈಲಾನ್ ಬ್ರಷ್ ಸಾಕು.”

“ಯಾವುದಾದ್ರೂ ಸರಿ, ಕೋವಿ ಫಳಫಳ ಅನ್ಬೇಕು. ಮೊಮ್ಮಗ ಹುಟ್ಟಿದ್ರೆ ಅಂಗಳದಲ್ಲಿ ಒಂದು ಗುಂಡು ಹಾರಿಸ್ಬೇಕಲ್ಲ. ಎರಡು ಹಾರಿಸೋದು ಸಾವಿನ ಮನೇಲಿ.” ಆಮೇಲೆ ಅಂಗಡಿಯವನ ಕಡೆ ತಿರುಗಿದರು. “ಹೆಣ್ಣಾದ್ರೆ ಈ ಬ್ರಷ್ ವಾಪಸ್ ತಗೊಳ್ತೀರಲ್ಲ?”

ಅಂಗಡಿಯವನು ನಕ್ಕ. ಅವಳು ದುಡ್ಡು ಎಣಿಸಿಟ್ಟಳು.

ಹೆಣ್ಣೇ ಹುಟ್ಟಿತು. ಅವಳು ಆಸ್ಪತ್ರೆಯಿಂದ ಬಂದಾಗ ಮಾವ ಕೂಸಿನ ಮುಖ ನೋಡಲಿಲ್ಲ. ಜಗಲಿಯಲ್ಲಿ ಕೂತು, ಬಳಸದ ಬ್ರಷ್ಷನ್ನು ವಾಪಸ್ ಕೊಡಲು ಡಬ್ಬಿಗೆ ಹಾಕಿ ಮುಚ್ಚಳ ಅಂಟಿಸುತ್ತಿದ್ದರು.

ಅವಳು ಕೂಸನ್ನು ಗಂಡನ ಕೈಗಿತ್ತು ರೈಫಲ್ ತಂದಳು. ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸಿದಳು. ಸ್ವಲ್ಪ ತಡೆದು, ಇನ್ನೊಂದು.

ಪಕ್ಕದ ಮನೆಯವರು ಓಡೋಡಿ ಬಂದರು.

“ಯಾರು ಹೋದ್ರಮ್ಮ?”

ಅವಳು ಜಗಲಿಯತ್ತ ನೋಡಿದಳು.

“ನಮ್ಮ ಮಾವ.”