ಇನ್ನೂ ಬಾರದ ಸಂಜೆ

"ಜಯರಾಮು, ಈ ಸ್ಕ್ರೀನ್‌ಶಾಟ್ ಯಾವಾಗ ತಗದ್ರಿ?"

ಪಂಚಾಕ್ಷರಿ ಕೇಳಿದ್ದು ಮೆಲ್ಲಗೇ. ಅಮೆರಿಕದ ಪಿಸ್ಕಾಟವೇಯ ಆ ಟೆಲಿಕಾಂ ಆಫೀಸಿನಲ್ಲಿ ಪಂಚಾಕ್ಷರಿ ಜಯರಾಮುವಿನ ಟೀಮ್ ಲೀಡ್. ಧಾರವಾಡದ ಕಡೆಯವರು, ಯಾರನ್ನೂ ಗದರಿದವರಲ್ಲ. ಗದರದ ಮನುಷ್ಯ ಬಾಗಿಲು ಮುಚ್ಚಿ ಎದುರಿಗೆ ಕೂರಿಸಿಕೊಂಡರೆ ಯಾರಿಗೆ ತಾನೇ ಹೆದರಿಕೆಯಾಗುವುದಿಲ್ಲ?

"ಬೆಳಿಗ್ಗೆ ಸಾರ್. ಏಳೂವರೆಗೇ ಬಂದಿದ್ದೆ. ಟೆಸ್ಟ್ ಮಾಡಿ, ಪ್ರಿಂಟ್ ಸ್ಕ್ರೀನ್ ಒತ್ತಿ, ರಿಪೋರ್ಟ್‌ಗೆ ಪೇಸ್ಟ್ ಮಾಡಿದೆ."

"ಮೂಲ್ಯಾಗಿನ ಗಡಿಯಾರ ನೋಡ್ರಿ." ಪಂಚಾಕ್ಷರಿ ಹಾಳೆಯ ಬಲತುದಿಗೆ ಪೆನ್ನು ಊರಿದರು. "ಮ್ಯಾಲೆ ಇವತ್ತಿನ ತಾರೀಖು ಐತಿ. ಕೆಳಗ ಸಂಜಿ ಆರು ಗಂಟಿ ಐದು ನಿಮಿಷ. ಈಗಿನ್ನೂ ಮುಂಜಾನಿ ಹತ್ತು. ಈ ಸಂಜಿ ಇನ್ನೂ ಬಂದೇ ಇಲ್ಲಲ್ರಿ!"

ಅಯ್ಯೋ, ಆ ಸಂಜೆ ಬಂದಿತ್ತು, ಮೈಸೂರಿನಲ್ಲಿ. ಆ ಸ್ಕ್ರೀನೂ ಮೈಸೂರಿನದೇ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರ್‌ಗಳೆಲ್ಲ ಕೆಡುತ್ತವೆಂಬ ವೈಟುಕೆ ಗಲಾಟೆಯಲ್ಲಿ ಕನ್ಸಲ್ಟೆನ್ಸಿಯವರು ಜಯರಾಮುವಿನ ಆರು ತಿಂಗಳ ಕೋರ್ಸನ್ನು ರೆಸ್ಯೂಮೆಯಲ್ಲಿ ಐದು ವರ್ಷದ ಅನುಭವ ಮಾಡಿ ವಿಮಾನ ಹತ್ತಿಸಿದ್ದರು. ನಿಜವಾಗಿ ಕೆಲಸ ಗೊತ್ತಿದ್ದದ್ದು ಹೆಂಡತಿಯ ತಮ್ಮ ಸುಬ್ಬುವಿಗೆ. ಇವನು ಇಲ್ಲಿಂದ ಪ್ರೋಗ್ರಾಮನ್ನು ಕದ್ದು ಮೇಲ್ ಮಾಡುವುದು, ಅವನು ಅಲ್ಲಿ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸುವುದು, ಇವನು ಅದನ್ನು ರಿಪೋರ್ಟಿಗೆ ಅಂಟಿಸಿ ನಾನೇ ಮಾಡಿದೆ ಎನ್ನುವುದು. ಎಂಟು ತಿಂಗಳಿಂದ ಹೀಗೇ ನಡೆದಿತ್ತು. ದಿನಾ ಮರೆಯದೆ ಕೆಳಗಿನ ಗಡಿಯಾರವನ್ನು ಕತ್ತರಿಸಿ ಕಳಿಸುತ್ತಿದ್ದ ಆ ಪುಣ್ಯಾತ್ಮ ಇವತ್ತೊಂದು ದಿನ ಅವಸರಕ್ಕೆ ಬಿದ್ದ. ಕಂಪನಿಯ ಪ್ರೋಗ್ರಾಮು ಹೊರಗೆ ಹೋಗುತ್ತಿದೆ ಎಂದು ಗೊತ್ತಾದರೆ ಕೆಲಸ ಹೋಯಿತು, ಕೆಲಸದ ಹಿಂದೆಯೇ ವೀಸಾ ಹೋಯಿತು. ಬಾಣಂತನಕ್ಕೆಂದು ತವರಿಗೆ ಹೋದ ಹೆಂಡತಿ ಅನು, ಅವನಿನ್ನೂ ಕಣ್ಣಾರೆ ನೋಡದ ಮೂರು ತಿಂಗಳ ಮಗು, ಇಬ್ಬರೂ ಬರುವ ತಿಂಗಳು ಇಲ್ಲಿಗೆ ಬರಬೇಕು. ತೊಟ್ಟಿಲನ್ನೂ ತಂದಿಟ್ಟಾಗಿದೆ.

"ಅದು ಇಂಡಿಯಾ ಟೈಮ್ ಸಾರ್." ಬಾಯಿ ತಾನಾಗಿಯೇ ಆಡಿತು. "ಮಗು ಮೈಸೂರಲ್ಲಿದೆ. ಅದು ಎದ್ದಿರೋ ಹೊತ್ತು ನೋಡ್ಕೊಂಡು ಫೋನ್ ಮಾಡೋಕೆ ಅಂತ ಕಂಪ್ಯೂಟರ್‌ನಲ್ಲಿ ಅಲ್ಲಿನ ಟೈಮೇ ಇಟ್ಕೊಂಡಿದೀನಿ."

ಇಷ್ಟು ಚೆಂದದ ಸುಳ್ಳು ತನಗೆ ಎಲ್ಲಿಂದ ಬಂತು ಎಂದು ಅವನಿಗೇ ಗಾಬರಿ. ಇವರು ಎದ್ದು ನನ್ನ ಕಂಪ್ಯೂಟರ್ ನೋಡೋಕೆ ಬರದಿದ್ದರೆ ಸಾಕು ತಾಯಿ ಚಾಮುಂಡಿ, ಎಂದು ಬೇಡಿಕೊಂಡ.

ಪಂಚಾಕ್ಷರಿ ಬೆರಳು ಎಣಿಸಿದರು. "ಹತ್ತೂವರಿ ತಾಸು ಕಳದ್ರ ಏಳೂ ಮೂವತ್ತೈದು. ಬರೋಬ್ಬರಿ ಆತು." ಅವರ ಮುಖ ಮೆತ್ತಗಾಯಿತು. "ಕೂಸು ಹುಟ್ಟಿದ್ದು ಹೇಳೇ ಇಲ್ಲಲ್ರಿ ನೀವು! ನನ್ನ ಮಗಳು ಹುಟ್ಟಿದಾಗ ನಾನೂ ಇಲ್ಲೇ ಇದ್ದೆ. ಆರು ತಿಂಗಳಾದ ಮ್ಯಾಲೆ ಮಾರಿ ನೋಡಿದೆ. ಆ ಸಂಕಟ ನನಗ ಗೊತ್ತೈತಿ." ಹೀಗೆಂದವರು ಮೇಜಿನ ಫೋನನ್ನು ಅವನ ಕಡೆಗೆ ತಳ್ಳಿ ಸ್ಪೀಕರ್ ಒತ್ತಿದರು. "ಅಲ್ಲೀಗ ರಾತ್ರಿ ಎಂಟೂವರಿ. ಫೋನ್ ಹಚ್ರಿ. ಕೂಸಿನ ದನಿ ನಾನೂ ಒಂದೀಟು ಕೇಳ್ತೀನಿ."

ಇದು ಕನಿಕರವೋ ಪರೀಕ್ಷೆಯೋ ಜಯರಾಮುವಿಗೆ ತಿಳಿಯಲಿಲ್ಲ. ಬೇಡ ಎಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ನಂಬರ್ ಒತ್ತಿದ.

ಮಾವನ ಮನೆಯಲ್ಲಿ ಇರುವುದೊಂದೇ ಫೋನು, ಅದೂ ಸುಬ್ಬುವಿನ ಕಂಪ್ಯೂಟರ್ ಪಕ್ಕದಲ್ಲಿ. ಅವನು ಇಂಟರ್‌ನೆಟ್ಟಿನಲ್ಲಿದ್ದರೆ ಲೈನು ಎಂಗೇಜ್. ಎಂಗೇಜ್ ಬರಲಪ್ಪಾ, ಎಂದುಕೊಂಡ. ಸುಬ್ಬುವೇ ಎತ್ತಿ, "ಭಾವ, ಸ್ಕ್ರೀನು ಸಿಕ್ತಾ?" ಎಂದುಬಿಟ್ಟರೆ? ಈ ಮನೆಗೆ ಅವನು ದಿನಾ ಫೋನ್ ಮಾಡುತ್ತಿದ್ದದ್ದೇನೋ ನಿಜ. ಯಾರೇ ಎತ್ತಲಿ, "ಸುಬ್ಬು ಎಲ್ಲಿ?" ಎನ್ನುವುದೊಂದೇ ಅವನ ಮಾತಾಗಿತ್ತು. ಕೆಲಸದ ಭಯದಲ್ಲಿ ಬೇರೆ ಯಾವುದೂ ನೆನಪಿಗೆ ಬರುತ್ತಿರಲಿಲ್ಲ.

ಆ ಕಡೆ ಫೋನು ರಿಂಗಾಯಿತು. ಎರಡು ಸಲ, ಮೂರು ಸಲ.

"ಹಲೋ?" ಅನುವಿನ ದನಿ.

ಬದುಕಿದೆ ಎನ್ನಿಸಿತು. ಅವಳು ಇನ್ನೊಂದು ಮಾತಾಡುವ ಮೊದಲೇ ಬಡಬಡನೆ ಕೇಳಿದ, "ಅನು, ನಾನು. ಮಗು ಹೇಗಿದೆ? ಎದ್ದಿದೆಯಾ?"

ಪಂಚಾಕ್ಷರಿ ನಗುತ್ತ ಫೋನಿನ ಕಡೆ ಬಾಗಿದರು.

ಅನುವಿನ ದನಿ ಕೋಣೆಯ ತುಂಬ ಕೇಳಿಸಿತು, ಹೆದರಿ ಹೋಗಿದ್ದಳು.

"ಯಾಕ್ರೀ, ಎಂದೂ ಇಲ್ಲದ್ದು ಮಗೂನ ಕೇಳ್ತಿದೀರಾ? ಸುಬ್ಬು ಮಾಡಿಕೊಡ್ತಿದ್ದಿದ್ದು ಗೊತ್ತಾಗಿ ಹೋಯ್ತಾ?"