ಚಿಕ್ಕಪ್ಪನ ಕಿವಿ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಬಾಗಿಲಲ್ಲೇ ಹುಡುಗ ಕಿಟಾರನೆ ಕಿರುಚಿಕೊಂಡ. ಡಾಕ್ಟರು ಇನ್ನೂ ಒಳಗೇ ಇದ್ದರು. ಅವನು ಹೆದರಿದ್ದು ಎದುರಿನ ಗೋಡೆಯ ಮೇಲಿದ್ದ ಮೊಲವನ್ನು ನೋಡಿ. ತಟ್ಟೆಯಗಲ ಕಣ್ಣು ಬಿಟ್ಟುಕೊಂಡು, ಬಾಯಿತುಂಬ ಹಲ್ಲು ಕಿರಿದುಕೊಂಡು ಅದು ಅವನನ್ನೇ ನೋಡುತ್ತಿತ್ತು. ಅಮ್ಮನ ಕೈ ಕೊಸರಿಕೊಂಡು ಅವನು ಬೀದಿ ಸೇರಿದ. ಕಳಚಿಬಿದ್ದ ಅವನ ಒಂದು ಚಪ್ಪಲಿ ಹಿಡಿದುಕೊಂಡು ಅಮ್ಮ ಹಿಂದೆಯೇ ಓಡಿದಳು.

"ಪುಟ್ಟೀ, ಮೊದಲೆಲ್ಲ ಮಕ್ಕಳು ನನ್ನನ್ನ ನೋಡಿ ಅಳ್ತಿದ್ರು," ಎಂದರು ಡಾಕ್ಟರು ಅಣ್ಣನ ಮಗಳಿಗೆ. "ಈಗ ನನ್ನ ತನಕ ಬರೋದೇ ಇಲ್ಲ. ಆ ನಿನ್ನ ಮೊಲದ ಮೇಲೆ ಬಿಳಿ ಬಣ್ಣ ಬಳಿದುಬಿಡಮ್ಮ."

ಪುಟ್ಟಿ ಕಲಾಶಾಲೆಯಲ್ಲಿ ಪುಸ್ತಕಗಳಿಗೆ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದಳು. ಕೊನೆಯ ಪರೀಕ್ಷೆಗೆ ಒಂದು ದೊಡ್ಡ ಚಿತ್ರ ತೋರಿಸಬೇಕಾಗಿತ್ತು. ಚಿಕ್ಕಪ್ಪ ಗೋಡೆ ಕೊಟ್ಟಿದ್ದರು. ಆದರೆ ಅದರ ಮೇಲೆ ಬರೆದ ಮೊಲ ಅವಳದಲ್ಲ, ಫೋನಿನಲ್ಲಿ ಸಿಕ್ಕಿದ ಚಿತ್ರಗಳನ್ನು ನೋಡಿ ಬರೆದದ್ದು. ಕಣ್ಣು ಒಬ್ಬರದು, ಮೀಸೆ ಇನ್ನೊಬ್ಬರದು, ನಗು ಮತ್ಯಾರದೋ. ಅವಳ ಹಾಳೆಗಳನ್ನು ತಿರುವಿಹಾಕುವಾಗಲೆಲ್ಲ ಮೇಷ್ಟ್ರು ಕೇಳುತ್ತಿದ್ದುದು ಒಂದೇ: "ಎಲ್ಲ ಚೆನ್ನಾಗಿದೆಯಮ್ಮ. ಇದರಲ್ಲಿ ನೀನೆಲ್ಲಿದ್ದೀಯ?" ಅವಳು ತಲೆ ತಗ್ಗಿಸಿ, "ಸಾರಿ ಸರ್, ತಿದ್ದಿ ತರ್ತೀನಿ" ಅನ್ನುತ್ತಿದ್ದಳು. ತಿದ್ದುವುದೆಂದರೆ ಮತ್ತೊಬ್ಬರದನ್ನು ಹುಡುಕುವುದು.

ಮೊಲವೇನೋ ಮಾಯವಾಯಿತು. ಪುಟ್ಟಿಯ ಮುಖವೂ ಗೋಡೆಯಷ್ಟೇ ಬೆಳ್ಳಗಾಗಿತ್ತು. ಒಳಗೆ ಚಿಕ್ಕಪ್ಪ ಊಟ ಮುಗಿಸಿ, ರೋಗಿಗಳ ಕುರ್ಚಿಯಲ್ಲೇ ಒರಗಿ ನಿದ್ದೆಹೋಗಿದ್ದರು. ಬಾಯಿ ಅಂಗಳದಷ್ಟು ತೆರೆದಿತ್ತು. ಫ್ಯಾನಿನ ಗಾಳಿಗೆ ಕಿವಿಯ ಕೂದಲು ಪೈರಿನಂತೆ ತೊನೆಯುತ್ತಿತ್ತು. ಪುಟ್ಟಿಗೆ ಕಿಸಕ್ಕನೆ ನಗು ಬಂತು. ಕೈ ತಾನಾಗಿ ಕಪ್ಪು ಬಣ್ಣಕ್ಕೆ ಹೋಯಿತು.

ಗೆರೆ ಸೊಟ್ಟಸೊಟ್ಟಗೆ ಓಡಿತು. ಅವಳು ತಡೆಯಲಿಲ್ಲ, ಬೆನ್ನುಹತ್ತಿದಳು. ಗೋಡೆಯ ಮೇಲೆ ಡಾಕ್ಟರು ತಮ್ಮ ಕುರ್ಚಿಯಲ್ಲೇ ಭಯದಿಂದ ಕಣ್ಣು ಮುಚ್ಚಿ, ಬಾಯಿ ತೆರೆದು ಮಲಗಿದರು. ಮೊರದಗಲ ಕಿವಿ ಆ ಕಡೆಗೊಂದು, ಈ ಕಡೆಗೊಂದು. ಸ್ಟೂಲು ಹತ್ತಿ ನಿಂತ ಚೋಟುದ್ದದ ಹುಡುಗಿಯೊಬ್ಬಳು ಬಾಯೊಳಗೆ ಇಣುಕುತ್ತಿದ್ದಳು. ಫೋನು ಎಲ್ಲಿಟ್ಟಿದ್ದೇನೆಂಬುದೂ ಪುಟ್ಟಿಗೆ ಮರೆತುಹೋಗಿತ್ತು.

ಚಿಕ್ಕಪ್ಪ ಏಳುವ ಮೊದಲು ಅಳಿಸಿಬಿಡೋಣ ಅಂದುಕೊಳ್ಳುವಷ್ಟರಲ್ಲಿ, ಬೆಳಗಿನ ಆ ತಾಯಿ ಮಗನನ್ನು ದರದರನೆ ಎಳೆದುಕೊಂಡು ಬಂದಳು. ಹುಡುಗ ಬಿಗಿಯಾಗಿ ಮುಚ್ಚಿದ್ದ ಕಣ್ಣುಗಳಲ್ಲಿ ಒಂದನ್ನು ತೆರೆದ.

"ಮೊಲ ಎಲ್ಲಿ?"

"ಹೋಯ್ತು," ಎಂದಳು ಪುಟ್ಟಿ.

"ಇದ್ಯಾರು?"

"ಡಾಕ್ಟ್ರು."

"ಅವ್ರಿಗೂ ಭಯಾನಾ?"

"ತುಂಬಾ."

ಅಷ್ಟರಲ್ಲಿ ಡಾಕ್ಟರು ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದರು. ಹುಡುಗ ಗೋಡೆ ನೋಡಿದ, ಅವರ ಕಿವಿ ನೋಡಿದ, ಮತ್ತೆ ಗೋಡೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಬಾಯಿ ಅಷ್ಟಗಲ ತೆರೆದದ್ದೇ ತಡ, ಡಾಕ್ಟರು ಬಗ್ಗಿ ಇಣುಕಿದರು.

"ಕೆಳಗಿನ ದವಡೆ ಹಲ್ಲು. ಬಾಪ್ಪ ಒಳಗೆ."

ಅವರ ಕಿವಿಯಿಂದ ಕಣ್ಣು ಕೀಳದೆ ಹುಡುಗ ಹಿಂದೆಯೇ ನಡೆದ.

ಕೆಲಸ ಮುಗಿದು, ಹುಡುಗ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಟ ಮೇಲೆ, ಡಾಕ್ಟರು ಕೈ ಹಿಂದೆ ಕಟ್ಟಿಕೊಂಡು ಗೋಡೆಯ ಮುಂದೆ ನಿಂತರು. 'ಸಾರಿ' ಪುಟ್ಟಿಯ ನಾಲಿಗೆಯ ತುದಿಗೆ ಬಂದಿತ್ತು.

"ನನ್ನ ಕಿವಿ ಇಷ್ಟು ದೊಡ್ಡದೇನಮ್ಮ?"

ಪುಟ್ಟಿ ಕಿವಿ ನೋಡಿದಳು, ಗೆರೆ ನೋಡಿದಳು. ಗೆರೆ ಸರಿಯಾಗಿಯೇ ಇತ್ತು. ಅದನ್ನು ಯಾರನ್ನೂ ಕೇಳಬೇಕೆನ್ನಿಸಲಿಲ್ಲ.

"ಸ್ವಲ್ಪ ಕಮ್ಮೀನೇ ಬರ್ದಿದೀನಿ, ಚಿಕ್ಕಪ್ಪ."

ಚಿಕ್ಕಪ್ಪ ಎರಡೂ ಕಿವಿ ಮುಟ್ಟಿ ನೋಡಿಕೊಳ್ಳುತ್ತ ಒಳಗೆ ಹೋದರು. ಪುಟ್ಟಿ ಕುಂಚ ಅದ್ದಿ, ಅವಸರದಲ್ಲಿ ಬಿಟ್ಟುಹೋಗಿದ್ದ ಮೂಗಿನ ಕೂದಲನ್ನು ಒಂದೊಂದಾಗಿ ಎಳೆಯತೊಡಗಿದಳು.